ಗುಟ್ಟು ಕಾಯುವವರ ಕೂಟ

ಆತ್ಮೀಯರೇ, ನಮಸ್ಕಾರ.

ಅರ್ಧ ನಿಮಿಷದ ಒಂದು ಚಿತ್ರದಿಂದ ಮಾತು ಆರಂಭಿಸುತ್ತೇನೆ. ಕಪ್ಪು ಬಟ್ಟೆಯ ಕಳ್ಳನೊಬ್ಬ ಮನೆಯೊಳಗಿನ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದಾನೆ. ಉದ್ದ ನಿಲುವಂಗಿ ತೊಟ್ಟ ಮನೆಯ ಯಜಮಾನ ಒಳಗೆ ಬರುತ್ತಾನೆ. ಕಳ್ಳ ಫಕ್ಕನೆ ಮಾಯವಾಗುತ್ತಾನೆ. ಯಜಮಾನ ಸಿಗಾರ್ ಹಚ್ಚುವಷ್ಟರಲ್ಲಿ ಮತ್ತೆ ಪ್ರತ್ಯಕ್ಷ. ಪಿಸ್ತೂಲಿನಿಂದ ಗುಂಡು ಹಾರಿಸಿದರೆ ಮತ್ತೆ ಮಾಯ. ಕೊನೆಗೆ ಚೀಲವೂ ಕೈತಪ್ಪಿ, ಯಜಮಾನ ಪೆಚ್ಚಾಗಿ ನಿಲ್ಲುವಲ್ಲಿಗೆ ಚಿತ್ರ ಮುಗಿಯುತ್ತದೆ. ಆ ಯಜಮಾನನೇ ಷರ್ಲಾಕ್ ಹೋಮ್ಸ್. 1900ರಲ್ಲಿ ಅಮೆರಿಕದಲ್ಲಿ ತೆಗೆದ 'ಷರ್ಲಾಕ್ ಹೋಮ್ಸ್ ಬ್ಯಾಫಲ್ಡ್' ಎಂಬ ಈ ತುಣುಕು, ನಮಗೆ ತಿಳಿದಿರುವ ಮಟ್ಟಿಗೆ ಹೋಮ್ಸ್ ಕಾಣಿಸಿಕೊಂಡ ಮೊತ್ತಮೊದಲ ಸಿನಿಮಾ.

ನನ್ನನ್ನು ಕಾಡುವುದು ಅದರ ಕಥೆಗಿಂತ ಹೆಚ್ಚಾಗಿ ಅದನ್ನು ನೋಡುತ್ತಿದ್ದ ಬಗೆ. ಇದನ್ನು ತಯಾರಿಸಿದ್ದು ಪರದೆಗಾಗಿ ಅಲ್ಲ, ಮ್ಯೂಟೊಸ್ಕೋಪ್ ಎಂಬ ಪೆಟ್ಟಿಗೆಗಾಗಿ. ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ಹಿಡಿಕೆ ತಿರುಗಿಸಿದರೆ ಒಳಗಿನ ಚಿತ್ರದ ಹಾಳೆಗಳು ಸರಸರನೆ ಮಗುಚಿಕೊಳ್ಳುತ್ತವೆ. ಒಂದು ಸಲಕ್ಕೆ ಒಬ್ಬರೇ ನೋಡಬೇಕು. ಪಕ್ಕದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಅಂದರೆ ಪತ್ತೇದಾರಿ ಸಿನಿಮಾ ಹುಟ್ಟಿದ್ದೇ ಒಂಟಿ ಕಣ್ಣಿಗಾಗಿ. ಆಮೇಲೆ ಚಿತ್ರಮಂದಿರಗಳು ಬಂದವು, ನೂರಾರು ಜನ ಕತ್ತಲಲ್ಲಿ ಒಟ್ಟಿಗೆ ಉಸಿರು ಬಿಗಿಹಿಡಿದರು. ಈಗ ಕೈಯಲ್ಲಿ ಮೊಬೈಲ್ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾವು ಮತ್ತೆ ಆ ಕಿಂಡಿಯ ಮುಂದೆ ಬಂದು ನಿಂತಿದ್ದೇವೆ.

ನಮ್ಮ ಅಭಿಮಾನಿ ಬಳಗ ಹುಟ್ಟಿಕೊಂಡದ್ದು ಈ ಒಂಟಿತನದ ಬೇಸರದಿಂದ. ಒಬ್ಬೊಬ್ಬರೂ ಒಂದೊಂದು ಊರಿನಲ್ಲಿದ್ದೇವೆ, ಕೆಲವರು ಬೇರೆ ದೇಶಗಳಲ್ಲಿ. ಹೆಚ್ಚಿನವರು ಒಬ್ಬರನ್ನೊಬ್ಬರು ಮುಖತಃ ನೋಡಿಲ್ಲ. ವಾರಕ್ಕೊಂದು ಹಳೆಯ ಪತ್ತೇದಾರಿ ಚಿತ್ರವನ್ನು ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಂದೇ ಕ್ಷಣಕ್ಕೆ ಆರಂಭಿಸುತ್ತೇವೆ. ನೋಡುತ್ತಾ ನೋಡುತ್ತಾ ಅನಿಸಿದ್ದನ್ನು ಒಬ್ಬರಿಗೊಬ್ಬರು ಬರೆಯುತ್ತೇವೆ. ಇಷ್ಟೇ ನಮ್ಮ ಕೂಟ. ಆದರೆ ಒಬ್ಬನೇ ಕುಳಿತು ನೂರು ಚಿತ್ರ ನೋಡಿ ಕಲಿಯದ ಒಂದು ವಿಷಯವನ್ನು ನಾನು ಇಲ್ಲಿ ಕಲಿತೆ. ಕೊಲೆಗಾರ ಯಾರೆಂದು ತಿಳಿಯುವುದರಲ್ಲಿ ಇರುವ ಸುಖ ಚಿಕ್ಕದು. ತಿಳಿದವರು ತಿಳಿಯದವರ ಪಕ್ಕದಲ್ಲಿ ಬಾಯಿ ಬಿಡದೆ ಕುಳಿತುಕೊಳ್ಳುವುದರಲ್ಲಿ ಇರುವ ಸುಖ ದೊಡ್ಡದು.

'ಒಂದೇ ಕ್ಷಣಕ್ಕೆ' ಎಂದು ಹೇಳಿಬಿಟ್ಟೆ, ಅದು ಸುಲಭವಾಗಿರಲಿಲ್ಲ. ಮೂರು, ಎರಡು, ಒಂದು ಎಂದು ಎಣಿಸಿ ಗುಂಡಿ ಒತ್ತುತ್ತಿದ್ದೆವು. ಒಂದು ರಾತ್ರಿ 1941ರ 'ದಿ ಮಾಲ್ಟೀಸ್ ಫಾಲ್ಕನ್' ಇಟ್ಟುಕೊಂಡಿದ್ದೆವು. ಒಬ್ಬ ಸದಸ್ಯೆಯ ಬಳಿ ಮಾತ್ರ ಯುರೋಪಿನಿಂದ ತಂದ ಹಳೆಯ ಡಿವಿಡಿ ಇತ್ತು. ಅರ್ಧ ದಾಟುವಷ್ಟರಲ್ಲಿ ಅವರ ಉದ್ಗಾರಗಳು ನಮಗಿಂತ ಎರಡು ನಿಮಿಷ ಮುಂಚೆಯೇ ಬರತೊಡಗಿದವು. ಕೊನೆಯ ಹೊತ್ತಿಗೆ ಅಂತರ ನಾಲ್ಕು ನಿಮಿಷವಾಗಿತ್ತು. 'ಅಯ್ಯೋ, ನಾನು ಅಂದುಕೊಂಡಿರಲಿಲ್ಲ!' ಎಂದು ಅವರು ಬರೆದಾಗ ನಮ್ಮ ತೆರೆಯ ಮೇಲೆ ಇನ್ನೂ ಯಾರೋ ಸಿಗರೇಟು ಸುತ್ತುತ್ತಿದ್ದರು. ಕಾರಣ ಆಮೇಲೆ ತಿಳಿಯಿತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ. ಯುರೋಪಿನ ಹಳೆಯ ಟಿವಿ ಪದ್ಧತಿಯಲ್ಲಿ ಅದು 25. ಆ ಪದ್ಧತಿಯ ಡಿವಿಡಿಯಲ್ಲಿ ಚಿತ್ರ ಶೇಕಡ 4ರಷ್ಟು ವೇಗವಾಗಿ ಓಡುತ್ತದೆ, ಸುಮಾರು ನೂರು ನಿಮಿಷದ ಚಿತ್ರ ನಾಲ್ಕು ನಿಮಿಷ ಬೇಗ ಮುಗಿಯುತ್ತದೆ. ಅಂದಿನಿಂದ ಆರಂಭಕ್ಕೆ ಮುನ್ನ ಎಲ್ಲರೂ ತಮ್ಮ ಪ್ರತಿಯ ಒಟ್ಟು ಅವಧಿಯನ್ನು ಹೇಳಬೇಕು ಎಂಬ ನಿಯಮ ಬಂತು.

ಆ ಚಿತ್ರದ ಬಗ್ಗೆ ಇನ್ನೊಂದು ಮಾತು. ಡ್ಯಾಶಿಯಲ್ ಹ್ಯಾಮೆಟ್ ಅವರ ಆ ಕಾದಂಬರಿ 1931ರಲ್ಲಿ ಒಮ್ಮೆ, 1936ರಲ್ಲಿ ಬೇರೆ ಹೆಸರಿನಿಂದ ಇನ್ನೊಮ್ಮೆ ಸಿನಿಮಾ ಆಗಿತ್ತು. ಜಾನ್ ಹ್ಯೂಸ್ಟನ್ ತಮ್ಮ ನಿರ್ದೇಶನದ ಮೊದಲ ಚಿತ್ರಕ್ಕೆ ಅದೇ ಕಥೆಯನ್ನು ಕೈಗೆತ್ತಿಕೊಂಡಾಗ, ಗುಟ್ಟು ಗೊತ್ತಿದ್ದ ಓದುಗರೂ ಪ್ರೇಕ್ಷಕರೂ ಆಗಲೇ ಇದ್ದರು. ಆದರೂ ಉಳಿದುಕೊಂಡದ್ದು ಮೂರನೆಯದೇ. ಗುಟ್ಟು ಬಯಲಾದರೆ ಸತ್ತುಹೋಗುವ ಚಿತ್ರವನ್ನು ಎರಡನೆಯ ಸಲ ಯಾರೂ ನೋಡುವುದಿಲ್ಲ. ಇದನ್ನು ನಮ್ಮ ಬಳಗದಲ್ಲಿ ಕೆಲವರು ಎಂಟು ಹತ್ತು ಸಲ ನೋಡಿದ್ದಾರೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಚಿತ್ರ ಅರ್ಧಕ್ಕೆ ಬಂದಾಗ, ಮೊದಲ ಸಲ ನೋಡುತ್ತಿರುವವರು ತಮ್ಮ ಅನುಮಾನ ಯಾರ ಮೇಲೆ ಎಂಬುದನ್ನು ನನಗೊಬ್ಬನಿಗೇ ಬರೆದು ಕಳುಹಿಸುತ್ತಾರೆ. ಮುಗಿದ ಮೇಲೆ ಅವನ್ನೆಲ್ಲ ಓದುತ್ತೇನೆ. ಸರಿ ಹೇಳಿದವರಿಗೆ ಬಹುಮಾನವಿಲ್ಲ. ತಪ್ಪು ಹೇಳಿದವರು ಯಾಕೆ ಹಾಗೆ ಅಂದುಕೊಂಡರು ಎಂಬುದರ ಮೇಲೆಯೇ ಆ ರಾತ್ರಿಯ ಚರ್ಚೆ ನಿಲ್ಲುತ್ತದೆ. ತಪ್ಪು ದಾರಿಯನ್ನು ನಿರ್ದೇಶಕ ಎಷ್ಟು ನಾಜೂಕಾಗಿ ಹಾಸಿದ್ದಾನೆ ಎಂಬುದು ಗೊತ್ತಾಗುವುದು ಆ ದಾರಿಯಲ್ಲಿ ನಡೆದುಹೋದವರಿಂದ ಮಾತ್ರ.

ಆಲ್ಫ್ರೆಡ್ ಹಿಚ್‌ಕಾಕ್ ಅವರ 'ರಿಯರ್ ವಿಂಡೋ' (1954) ನೋಡಿದ ರಾತ್ರಿಯನ್ನು ನಾನು ಮರೆಯಲಾರೆ. ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕ ಎದುರಿನ ಮನೆಗಳ ಕಿಟಕಿಗಳನ್ನು ನೋಡುತ್ತಿರುತ್ತಾನೆ. ಅಲ್ಲೊಬ್ಬ ಹೆಂಡತಿಯನ್ನು ಕೊಂದಿರಬಹುದೆಂಬ ಅನುಮಾನ ಅವನಿಗೆ. ಮಳೆಯ ರಾತ್ರಿ ಆ ಮನುಷ್ಯ ಪೆಟ್ಟಿಗೆ ಹಿಡಿದು ಮತ್ತೆ ಮತ್ತೆ ಹೊರಗೆ ಹೋಗಿ ಬರುತ್ತಾನೆ. ಬೆಳಗಾಗುವ ಮುನ್ನ ನಮ್ಮ ನಾಯಕ ನಿದ್ದೆಹೋಗುತ್ತಾನೆ. ಆಗ ಕ್ಯಾಮೆರಾ ಅವನನ್ನು ಬಿಟ್ಟು ನಮಗೆ ಮಾತ್ರ ಒಂದು ನೋಟ ತೋರಿಸುತ್ತದೆ. ಆ ಮನುಷ್ಯ ಕಪ್ಪು ಉಡುಪಿನ ಹೆಂಗಸೊಬ್ಬಳೊಡನೆ ಮನೆಯಿಂದ ಹೊರಡುತ್ತಿದ್ದಾನೆ. ಕೆಲವೇ ಕ್ಷಣ, ಅಷ್ಟೇ. ಪತ್ತೇದಾರನಿಗೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಾಯಿತು.

ಗೊತ್ತಾಯಿತೇ? ನಮ್ಮಲ್ಲಿ ಅದನ್ನು ಗಮನಿಸಿದವರು ನಾಲ್ಕೈದು ಜನ ಮಾತ್ರ. 'ಹೆಂಡತಿ ನಡೆದುಕೊಂಡು ಹೋದಳಲ್ಲ, ಇನ್ನೆಲ್ಲಿಯ ಕೊಲೆ?' ಎಂದು ಒಬ್ಬರು ಬರೆದರು. 'ಯಾವ ಹೆಂಡತಿ? ಯಾವಾಗ?' ಎಂದು ಉಳಿದವರು. 'ಮುಖ ಕಂಡಿತೇ ನಿಮಗೆ?' ಎಂದು ಮತ್ತೊಬ್ಬರು. ಚಿತ್ರ ನಿಲ್ಲಿಸಿ ಹಿಂದಕ್ಕೆ ಹೋಗೋಣ ಎಂದರು. ನಾನು ಒಪ್ಪಲಿಲ್ಲ. ಅದನ್ನು ನೋಡಿದವರು ಉಳಿದ ಹೊತ್ತೆಲ್ಲ ನಾಯಕನನ್ನು ನಂಬಲಾರದೆ ಕುಳಿತರು, ನೋಡದವರು ಅವನನ್ನು ಪೂರ್ತಿ ನಂಬಿ ಕುಳಿತರು. ಒಂದೇ ಚಿತ್ರ, ಆದರೆ ಆ ರಾತ್ರಿ ಎರಡು ಚಿತ್ರಗಳು ಓಡಿದವು. ಒಬ್ಬನೇ ನೋಡಿದ್ದರೆ ನನ್ನ ಪಾಲಿಗೆ ಅವೆರಡರಲ್ಲಿ ಒಂದು ಮಾತ್ರ ದಕ್ಕುತ್ತಿತ್ತು.

'ದಿ ಬಿಗ್ ಸ್ಲೀಪ್' ಚಿತ್ರದ್ದು ಬೇರೆಯೇ ಅನುಭವ. ಅದರಲ್ಲಿ ಕಾರು ಚಾಲಕನೊಬ್ಬ ಸಾಯುತ್ತಾನೆ. ಅವನನ್ನು ಕೊಂದವರು ಯಾರೆಂದು ಚಿತ್ರೀಕರಣದ ವೇಳೆ ತಿಳಿಯದೆ, ನಿರ್ದೇಶಕ ಹೊವಾರ್ಡ್ ಹಾಕ್ಸ್ ಅವರ ಕಡೆಯಿಂದ ಮೂಲ ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ ಅವರಿಗೇ ತಂತಿ ಹೋಯಿತು. ತಮಗೂ ಗೊತ್ತಿಲ್ಲ ಎಂಬುದು ಚಾಂಡ್ಲರ್ ಉತ್ತರ. ಈ ಚಿತ್ರಕ್ಕೆ ಎರಡು ರೂಪಗಳಿವೆ. 1945ರಲ್ಲಿ ಸಿದ್ಧವಾದ ಮೊದಲ ರೂಪವನ್ನು ಹೊರದೇಶಗಳಲ್ಲಿದ್ದ ಅಮೆರಿಕನ್ ಸೈನಿಕರಿಗೆ ತೋರಿಸಿದ್ದರು. 1946ರಲ್ಲಿ ಚಿತ್ರಮಂದಿರಕ್ಕೆ ಬಂದದ್ದು ಇನ್ನೊಂದು. ಮೊದಲನೆಯದರಲ್ಲಿ ಅಧಿಕಾರಿಯ ಕಚೇರಿಯಲ್ಲಿ ಕಥೆಯ ಗಂಟುಗಳನ್ನು ಬಿಡಿಸಿ ಹೇಳುವ ದೃಶ್ಯವಿತ್ತು. ಅದನ್ನು ಕಿತ್ತು, ನಾಯಕ ನಾಯಕಿಯರಾಗಿ ನಟಿಸಿದ ಹಂಫ್ರಿ ಬೋಗಾರ್ಟ್ ಮತ್ತು ಲಾರೆನ್ ಬಕಾಲ್ ಎದುರುಬದುರು ಕುಳಿತು ಮಾತಾಡುವ ಹೊಸ ದೃಶ್ಯ ಸೇರಿಸಿದರು. ಎರಡನ್ನೂ ನಾವು ಎರಡು ವಾರಗಳಲ್ಲಿ ಬೆನ್ನುಬೆನ್ನಿಗೆ ನೋಡಿದೆವು. ಎಲ್ಲವನ್ನೂ ವಿವರಿಸುವ ಮೊದಲ ರೂಪ ಮುಗಿದಾಗ ಐದು ನಿಮಿಷದಲ್ಲಿ ಎಲ್ಲರೂ ಎದ್ದುಹೋದರು. ಏನೂ ವಿವರಿಸದ ಎರಡನೆಯದು ಮುಗಿದ ಮೇಲೆ ಮಧ್ಯರಾತ್ರಿ ದಾಟುವವರೆಗೆ ಯಾರೂ ಏಳಲಿಲ್ಲ. ಒಬ್ಬರು ಕಾಗದದ ಮೇಲೆ ಪಾತ್ರಗಳ ಹೆಸರು ಬರೆದು ಗೆರೆ ಎಳೆದು ಕಳುಹಿಸಿದರು, ಇನ್ನೊಬ್ಬರು ಅದರಲ್ಲಿ ಎರಡು ಗೆರೆ ತಪ್ಪೆಂದು ತಿದ್ದಿದರು. ಗುಂಪಾಗಿ ನೋಡುವುದಕ್ಕೆ ಇಂಥ ಬಿಚ್ಚದ ಗಂಟೇ ಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಹೊಸಬರಿಗೆ ಯಾವುದರಿಂದ ಆರಂಭಿಸಬೇಕು ಎಂದು ಕೇಳುತ್ತಾರೆ. ಬೇಸಿಲ್ ರಾಥ್‌ಬೋನ್ ಹೋಮ್ಸ್ ಆಗಿ, ನೈಜೆಲ್ ಬ್ರೂಸ್ ಹೋಮ್ಸ್‌ನ ಗೆಳೆಯ ವಾಟ್ಸನ್ ಆಗಿ 1939ರಿಂದ 1946ರವರೆಗೆ ನಟಿಸಿದ 14 ಚಿತ್ರಗಳಿವೆ. ಅದರಲ್ಲಿ 'ಟೆರರ್ ಬೈ ನೈಟ್' (1946) ಇಟ್ಟುಕೊಳ್ಳಿ. ಒಂದು ರಾತ್ರಿ, ಒಂದು ರೈಲು, ಒಂದು ವಜ್ರ, ಒಂದೇ ಗಂಟೆ. ಆ ವಾಟ್ಸನ್ ಪೆದ್ದನಂತೆ ಕಾಣುತ್ತಾನೆ ಎಂದು ಪುಸ್ತಕ ಓದಿದವರು ದೂರುತ್ತಾರೆ. ದೂರಿನಲ್ಲಿ ನಿಜವಿದೆ. ಆದರೂ ಅವನು ತಡವರಿಸಿದಾಗ ನಗುವವರು ಹಲವರಿದ್ದರೆ, ಆ ನಗುವಿನಲ್ಲಿ ಪ್ರೀತಿಯೇ ಹೆಚ್ಚಿರುತ್ತದೆ. ನಾವೂ ಅವನಷ್ಟೇ ಕಂಡವರು ತಾನೇ.

ಮೂಕಿಚಿತ್ರಗಳನ್ನು ಮರೆಯಬೇಡಿ. ವಿಲಿಯಂ ಜಿಲೆಟ್ ನಟಿಸಿದ 1916ರ 'ಷರ್ಲಾಕ್ ಹೋಮ್ಸ್' ಕಳೆದೇಹೋಯಿತೆಂದು ದಶಕಗಳ ಕಾಲ ನಂಬಲಾಗಿತ್ತು. 2014ರಲ್ಲಿ ಪ್ಯಾರಿಸ್‌ನ ಸಿನೆಮಾತೆಕ್ ಫ್ರಾನ್ಸೇಸ್ ಸಂಗ್ರಹದಲ್ಲಿ ಅದರ ಪ್ರತಿ ಸಿಕ್ಕಿತು. ಮಾತಿಲ್ಲದ ಚಿತ್ರ ನೋಡುವಾಗ ನಾವು ಬರೆಯುವುದು ಯಾರ ಸಂಭಾಷಣೆಗೂ ಅಡ್ಡಬರುವುದಿಲ್ಲ. ಆದರೆ ಎಲ್ಲ ಚಿತ್ರಕ್ಕೂ ಈ ಸಲಿಗೆ ಸಲ್ಲದು. ಫ್ರಿಟ್ಜ್ ಲ್ಯಾಂಗ್ ಅವರ 'ಎಂ' (1931) ನೋಡುವಾಗ ಬರೆಯುವುದನ್ನು ಪೂರ್ತಿ ನಿಲ್ಲಿಸಿದೆವು. ಮಕ್ಕಳ ಕೊಲೆಗಾರನ ಶಿಳ್ಳೆ ಕೇಳಿಬರುವಾಗ ಯಾರೂ ಏನೂ ಹೇಳಬಾರದು.

ಮೌನದ ಬಗ್ಗೆ ಹೇಳಿ ಮುಗಿಸುತ್ತೇನೆ. 1957ರ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್' ಮುಗಿಯುತ್ತಿದ್ದಂತೆ ಒಂದು ದನಿ ಕೇಳಿಸುತ್ತದೆ. ಇನ್ನೂ ನೋಡದ ಸ್ನೇಹಿತರ ಸಂತೋಷಕ್ಕಾಗಿ ಈ ಅಂತ್ಯದ ಗುಟ್ಟನ್ನು ಯಾರಿಗೂ ಹೇಳಬೇಡಿ ಎಂದು ಅದು ಕೇಳಿಕೊಳ್ಳುತ್ತದೆ. ಬಿಲ್ಲಿ ವೈಲ್ಡರ್ ಅವರ ಈ ಚಿತ್ರವನ್ನು ನಮ್ಮ ಬಳಗದ ಹಿರಿಯರೊಬ್ಬರು ಹುಡುಗರಾಗಿದ್ದಾಗಲೇ ನೋಡಿದ್ದರು. ಉಳಿದವರಿಗೆ ಹೊಸದು. ಸುಮಾರು ಎರಡು ಗಂಟೆ ನಾವು ಊಹೆಗಳ ಮೇಲೆ ಊಹೆ ಬರೆಯುತ್ತಾ ಹೋದೆವು. ಅವರು ಪ್ರತಿ ಊಹೆಗೂ ಒಂದು ಚುಕ್ಕೆ ಮಾತ್ರ ಬರೆದರು. ಸರಿಯಾದ ಊಹೆಗೂ ಚುಕ್ಕೆ, ತಪ್ಪಿಗೂ ಚುಕ್ಕೆ. 'ಓದುತ್ತಿದ್ದೇನೆ, ನಿಮ್ಮ ಜೊತೆಗಿದ್ದೇನೆ' ಎಂಬುದಷ್ಟೇ ಅದರ ಅರ್ಥ. ಆ ದನಿ ಕೇಳಿಸಿ ತೆರೆ ಕಪ್ಪಾದ ಮೇಲೆ ಅವರು ಮೊದಲ ಸಲ ಒಂದು ಸಾಲು ಬರೆದರು: 'ನಿಮ್ಮೆಲ್ಲರ ಜೊತೆ ನಾನೂ ಮೊದಲ ಸಲ ನೋಡಿದೆ.'

ಮುಂದಿನ ವಾರ 1946ರ 'ಗ್ರೀನ್ ಫಾರ್ ಡೇಂಜರ್' ಇದೆ. ಯುದ್ಧಕಾಲದ ಆಸ್ಪತ್ರೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸಾಯುವ ಅಂಚೆಯವನು, ತನಿಖೆಗೆ ಬರುವ ಅಧಿಕಾರಿಯಾಗಿ ನಟ ಅಲೆಸ್ಟೇರ್ ಸಿಮ್. ನಿಮ್ಮಲ್ಲಿ ನೋಡಿದವರಿದ್ದರೆ ಬನ್ನಿ, ಚುಕ್ಕೆ ಹಾಕುವವರು ನಮಗೆ ಬೇಕು. ನೋಡದವರಿದ್ದರೆ ಇನ್ನೂ ಸಂತೋಷ, ದಯವಿಟ್ಟು ಅಲ್ಲಿಯವರೆಗೆ ಅದರ ಕಥೆಯನ್ನು ಎಲ್ಲಿಯೂ ಓದಬೇಡಿ.