ತೋಟೆಯೊಳಗಿನ ಖಾಲಿ ಜಾಗ

ನಮಸ್ಕಾರ. ನೀವು ಈಗ ನೋಡುತ್ತಿರುವುದು ಚಿತ್ರದುರ್ಗದ ಕೋಟೆಯೊಳಗಿನ ಮದ್ದು ಬೀಸುವ ಕಲ್ಲುಗಳು. ಪಾಳೆಯಗಾರರ ಕಾಲದಲ್ಲಿ ಈ ನಾಲ್ಕು ದೊಡ್ಡ ಬೀಸುಕಲ್ಲುಗಳನ್ನು ಪ್ರಾಣಿಗಳ ಬಲದಿಂದ ತಿರುಗಿಸಿ, ತೋಪು ಕೋವಿಗಳಿಗೆ ಬೇಕಾದ ಕರಿಮದ್ದನ್ನು ಅರೆಯುತ್ತಿದ್ದರೆಂದು ಹೇಳುತ್ತಾರೆ. ದುರ್ಗದಲ್ಲೇ ಹುಟ್ಟಿ ಬೆಳೆದ ನಾನು ಶಾಲೆಯ ದಿನಗಳಿಂದ ಇಲ್ಲಿಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಅಕ್ಕನ ಮನೆಗೆ ಹೋಗಿ, ಭಾವನ ಗ್ಯಾರೇಜಿನಲ್ಲಿ ಎರಡು ವಾರ ಕ್ಯಾಮೆರಾ ಹಿಡಿದು ಕುಳಿತು ಬಂದ ಮೇಲೆ ಈ ಕಲ್ಲುಗಳ ಮುಂದೆ ನಿಂತಾಗ ಮನಸ್ಸಿಗೆ ಬರುವುದೇ ಬೇರೆ. ಭಾವ ಅಲ್ಲಿ ಹಳೆಯ ಮ್ಯಾಗ್ನಮ್ ರಿವಾಲ್ವರೊಂದಕ್ಕೆ ತಮ್ಮ ಕೈಯಾರೆ ತೋಟೆ ತಯಾರಿಸುತ್ತಾರೆ, ಅಂದರೆ ಹಾರಿಸಿದ ತೋಟೆಗೆ ಮತ್ತೆ ಮದ್ದು, ಗುಂಡು ತುಂಬುತ್ತಾರೆ. ಆ ತೋಟೆಯೊಳಗೆ ಒಂದಿಷ್ಟು ಜಾಗ ಖಾಲಿ ಉಳಿಯುತ್ತದೆ, ಮತ್ತು ಆ ಖಾಲಿ ಜಾಗಕ್ಕೂ ಇಂಥ ಕಲ್ಲುಗಳಲ್ಲಿ ಅರೆದ ಕರಿಮದ್ದಿಗೂ ನೇರ ಸಂಬಂಧವಿದೆ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ಈ ಕೆಲಸವನ್ನು ಮನೆಯಲ್ಲಿ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಬೆಳೆ ಕಾಯಲೆಂದು ಕೋವಿಯ ಲೈಸೆನ್ಸ್ ಪಡೆದು, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವ ನಮ್ಮ ಕಡೆಯ ರೈತರ ಲೈಸೆನ್ಸ್ ಇದಕ್ಕೆ ಸಾಲದು. ಅಮೆರಿಕದ ನಾಗರಿಕರಾದ ಭಾವ ತಮ್ಮ ಸ್ವಂತ ಬಳಕೆಗೆ ತುಂಬಿಕೊಳ್ಳುವುದಕ್ಕೆ ಅಲ್ಲಿನ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ. ಪ್ರವಾಸಿ ವೀಸಾದ ಮೇಲೆ ಹೋದವನಿಗೆ, ಬೇಟೆಯ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ, ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವ ಹಕ್ಕಿಲ್ಲ. ಹಾಗಾಗಿ ಈ ವಿಡಿಯೋದಲ್ಲಿ ಕಾಣುವ ಕೈಗಳೆಲ್ಲ ಭಾವನವೇ, ನಾನು ಮುಟ್ಟಿದ್ದು ಕ್ಯಾಮೆರಾವನ್ನು ಮಾತ್ರ.

ರಿವಾಲ್ವರ್ ಆರು ತೋಟೆಯದು, ನಾಲ್ಕು ಇಂಚಿನ ನಳಿಗೆಯದು, ಭಾವನಿಗಿಂತ ಮೊದಲು ಯಾರ್ಯಾರ ಕೈಯಲ್ಲೋ ಇದ್ದು ಬಂದದ್ದು. ಕೊಂಡ ದಿನ ಸಂಜೆ ಅವರು ಅದನ್ನು ಮೇಜಿನ ಮೇಲಿಟ್ಟು, ತಿರುಗುವ ಸಿಲಿಂಡರಿನಲ್ಲಿ ತೋಟೆ ಕೂರುವ ಆರೂ ಮನೆಗಳು ಖಾಲಿ ಇವೆಯೆಂದು ಎರಡು ಸಲ ನೋಡಿ, ಆಮೇಲೆ ಪರೀಕ್ಷೆಗೆ ತೊಡಗಿದರು. ನಮ್ಮಲ್ಲಿ ಮೆಕ್ಯಾನಿಕ್‌ಗಳು ಟ್ರ್ಯಾಕ್ಟರಿನ ಟ್ಯಾಪೆಟ್ ಹೊಂದಿಸಲು ಬಳಸುವಂಥದೇ ಫೀಲರ್ ಗೇಜನ್ನು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಗೆ ತೂರಿಸಿ ಅಳೆದರು. ಸಿಲಿಂಡರನ್ನು ಹಿಂದೆ ಮುಂದೆ ತಳ್ಳಿ ಎಷ್ಟು ಅಲುಗುತ್ತದೆಂದು ನೋಡಿದರು. ರಿವಾಲ್ವರಿನ ಹಿಂಬದಿಯಲ್ಲಿ ತೋಟೆಗೆ ಹೊಡೆಯುವ ಸುತ್ತಿಗೆಯನ್ನು ನಿಧಾನವಾಗಿ ಹಿಂದಕ್ಕೆಳೆದು, ಅದು ಪೂರ್ತಿ ನಿಲ್ಲುವಷ್ಟರಲ್ಲಿ ಪ್ರತಿಯೊಂದು ಮನೆಯೂ ನಳಿಗೆಯ ನೇರಕ್ಕೆ ಬಂದು ಬಿಗಿಯಾಗುತ್ತದೆಯೇ ಎಂದು ಆರು ಸಲವೂ ಪರೀಕ್ಷಿಸಿದರು. ಎಲ್ಲವೂ ಸರಿಯಿತ್ತು. ಆದರೆ ಮನೆಗಳ ಒಳಗೆ, ಬಾಯಿಯ ಕಡೆಗೆ, ಒಂದು ಕಪ್ಪು ಬಳೆ ಕಟ್ಟಿಕೊಂಡಿತ್ತು.

ಆ ಬಳೆಯಿಂದಲೇ ಕತೆ ತೆರೆದುಕೊಳ್ಳುತ್ತದೆ. ಸ್ಮಿತ್ ಆ್ಯಂಡ್ ವೆಸನ್ ಕಂಪನಿ .357 ಮ್ಯಾಗ್ನಮ್ ತೋಟೆಯನ್ನು 1935ರಲ್ಲಿ ಹೊರತಂದಿತು. ಅದು ಹೊಸದಾಗಿ ಹುಟ್ಟಿದ್ದಲ್ಲ, 19ನೇ ಶತಮಾನದ ಕೊನೆಯಲ್ಲಿ ಬಂದ .38 ಸ್ಪೆಷಲ್ ಎಂಬ ತೋಟೆಯನ್ನೇ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ ಮಾಡಿದ್ದು. .38 ಸ್ಪೆಷಲ್‌ಗೆ ಇಂದು ಅಮೆರಿಕದಲ್ಲಿ ಒಪ್ಪಿರುವ ಸಾಮಾನ್ಯ ಮಿತಿ ಚದರ ಇಂಚಿಗೆ 17,000 ಪೌಂಡ್ ಒತ್ತಡವಾದರೆ ಮ್ಯಾಗ್ನಮ್‌ಗೆ 35,000. ಕಾರಿನ ಟೈರಿನಲ್ಲಿ ನಾವು ತುಂಬುವ ಗಾಳಿಯ ಒತ್ತಡದ ಸಾವಿರ ಪಟ್ಟು. ಹೊಸ ತೋಟೆ ಹಳೆಯ, ದುರ್ಬಲ ರಿವಾಲ್ವರಿನೊಳಗೆ ಹೋಗಲೇಬಾರದೆಂದು ಅಷ್ಟು ಉದ್ದ ಹೆಚ್ಚಿಸಿದರು. ಗಿಡ್ಡ ತೋಟೆ ಮಾತ್ರ ಮ್ಯಾಗ್ನಮ್ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಮತ್ತು ಅದನ್ನು ಬಹಳ ದಿನ ಹಾರಿಸಿದರೆ ಅದರ ಬಾಯಿ ಮುಗಿಯುವಲ್ಲಿ ಮಸಿ ಗಟ್ಟಿಯಾಗಿ ಬಳೆಯಂತೆ ಕೂರುತ್ತದೆ. ಹಿಂದಿನ ಮಾಲೀಕರು ಅದನ್ನೇ ಹಾರಿಸುತ್ತಿದ್ದಿರಬೇಕು. ಮೊದಲ ದಿನ ಭಾವ ಹಾಕಿದ ಮ್ಯಾಗ್ನಮ್ ಕೇಸು, ಅಂದರೆ ತೋಟೆಯ ಹಿತ್ತಾಳೆ ಕವಚ, ಪೂರ್ತಿ ಒಳಗಿಳಿಯದೆ ಕೊನೆಯಲ್ಲಿ ಸಿಕ್ಕಿಕೊಂಡಿತು. ಕಂಚಿನ ಬ್ರಷ್ಷಿಗೆ ದ್ರಾವಕ ಹಚ್ಚಿ ಒಂದೊಂದು ಮನೆಯನ್ನೂ ಉಜ್ಜಿ ಮುಗಿಸುವ ಹೊತ್ತಿಗೆ ರಾತ್ರಿ ಊಟದ ಸಮಯವಾಗಿತ್ತು.

.38 ಸ್ಪೆಷಲ್ ಬಂದಾಗ ಅದರಲ್ಲಿ ತುಂಬುತ್ತಿದ್ದುದು ಕರಿಮದ್ದು. ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ, ಅಂದರೆ ನಮ್ಮ ಕೋಟೆಯ ಮದ್ದಿನ ಜಾತಿಯದೇ. ಅದಕ್ಕೆ ಬಲ ಕಡಿಮೆ, ಹಾಗಾಗಿ ಕೇಸಿನ ತುಂಬ ಹಾಕಬೇಕು. ಆದರೆ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ರೂಪಿಸಿದ್ದರು, ಮುಂದೆ ಅದೇ ಎಲ್ಲ ಕಡೆಯೂ ಬಳಕೆಗೆ ಬಂತು. ಹೊಸ ಮದ್ದನ್ನು ಕರಿಮದ್ದಿಗಿಂತ ಬಹಳ ಕಡಿಮೆ ಹಾಕಿದರೂ ಅದೇ ಕೆಲಸ ಮಾಡುತ್ತದೆ. ಮದ್ದು ಬದಲಾಯಿತು, ಕೇಸಿನ ಅಳತೆ ಕಿರಿದಾಗಲಿಲ್ಲ. ಅಭ್ಯಾಸಕ್ಕೆಂದು ಭಾವ ತುಂಬುವ ಹಗುರ ತೋಟೆಯಲ್ಲಿ ಬೇಗ ಉರಿಯುವ ಮದ್ದು ತಳದಲ್ಲಿ ಸ್ವಲ್ಪವೇ ಕೂರುತ್ತದೆ, ಉಳಿದದ್ದೆಲ್ಲ ಖಾಲಿ. ಮರೆತು ಎರಡನೇ ಸಲ ಹಾಕಿದರೂ ಮದ್ದು ತುಳುಕುವುದಿಲ್ಲ, ಒಳಗೇ ಹಿಡಿಸಿಬಿಡುತ್ತದೆ, ಹಾರಿಸಿದಾಗ ಒತ್ತಡ ಮಿತಿ ಮೀರುತ್ತದೆ. ಭಾವ ಈ ಕೆಲಸದಲ್ಲಿ ಹೆಚ್ಚು ಭಯಪಡುವುದು ಇದಕ್ಕೇ, ಮತ್ತು ಆ ಭಯ ಇರಬೇಕಾದದ್ದೇ.

ಕೆಲಸ ಶುರುವಾಗುವುದು ಹಾರಿಸಿದ ಹಿತ್ತಾಳೆ ಕೇಸುಗಳಿಂದ. ಅವನ್ನು ಹೊಳಪು ಮಾಡಲು ಅಲುಗುವ ಡಬ್ಬಿಯೊಂದರಲ್ಲಿ ಹಾಕಿದ ಪುಡಿ ಏನೆಂದು ಕೇಳಿದರೆ ಮೆಕ್ಕೆಜೋಳದ ದಿಂಡು! ದಾವಣಗೆರೆ, ಚಿತ್ರದುರ್ಗದ ಕಡೆ ಕಾಳು ಬಿಡಿಸಿದ ಮೇಲೆ ಕಣದ ಮೂಲೆಗೆ ರಾಶಿ ಹಾಕಿ ಒಲೆಗೆ ಒಟ್ಟುವ ದಿಂಡನ್ನು ಅಲ್ಲಿ ಪುಡಿ ಮಾಡಿ ಚೀಲದಲ್ಲಿ ಮಾರುತ್ತಾರೆ. ಹೊಳಪು ಬಂದ ಕೇಸನ್ನು ಅಚ್ಚಿಗೆ ಒತ್ತಿ ಮೂಲ ಅಳತೆಗೆ ತಂದು, ತಳದಲ್ಲಿದ್ದು ಮದ್ದಿಗೆ ಕಿಡಿ ಹಚ್ಚುವ ಹಳೆಯ ಕೇಪು ತೆಗೆದು, ಬಾಯಿಯನ್ನು ಕೂದಲೆಳೆಯಷ್ಟು ಅಗಲಿಸಿ, ಹೊಸ ಕೇಪು ಕೂರಿಸುತ್ತಾರೆ. ಕೇಪು ಕೂತ ಮೇಲೆ ಭಾವ ಪ್ರತಿಯೊಂದರ ತಳವನ್ನೂ ಬೆರಳ ತುದಿಯಿಂದ ಸವರಿ ನೋಡುತ್ತಿದ್ದರು. ಕೇಪು ಎದ್ದು ನಿಂತಿದ್ದರೆ ಹಿಂಬದಿಗೆ ಉಜ್ಜಿ ಸಿಲಿಂಡರ್ ತಿರುಗುವುದೇ ಇಲ್ಲ.

ತೂಕದ ಲೆಕ್ಕವೆಲ್ಲ ಗ್ರೇನಿನಲ್ಲಿ. ನಮಗೆ ಹತ್ತಿರದ ಅಳತೆಯಲ್ಲಿ ಹೇಳುವುದಾದರೆ, ಹಳೆಯ ಒಂದು ತೊಲ ಎಂದರೆ 180 ಗ್ರೇನ್. ಭಾವ ಬಳಸುವ ಸೀಸದ ಗುಂಡು 158 ಗ್ರೇನ್, ತೊಲಕ್ಕೆ ತುಸು ಕಡಿಮೆ. ಅಕ್ಕಸಾಲಿಗರ ಗುಲಗಂಜಿ ಸುಮಾರು ಎರಡು ಗ್ರೇನಿನಷ್ಟಾದರೆ, ಇಲ್ಲಿ ಒಂದು ಗ್ರೇನಿನ ಹತ್ತನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಮದ್ದಿನ ಹೆಸರನ್ನೂ ತೂಕವನ್ನೂ ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ಮದ್ದು ತಯಾರಿಸಿದವರ ಕೈಪಿಡಿಯಿಂದಲೇ ನೋಡಬೇಕು, ವಿಡಿಯೋ ನೋಡಿ ಅಲ್ಲ.

ಮೂರನೆಯ ದಿನ ನಡೆದದ್ದನ್ನು ಹೇಳಲೇಬೇಕು. 50 ತೂತುಗಳ ಮರದ ಹಲಗೆಯಲ್ಲಿ ಕೇಸುಗಳು ಸಾಲಾಗಿ ನಿಂತಿದ್ದವು, ಭಾವ ಒಂದೊಂದಕ್ಕೂ ಮದ್ದು ಹಾಕುತ್ತಿದ್ದರು. ನಡುವೆ ಅಕ್ಕ ಕಾಫಿಗೆ ಕರೆದಳು. ಅವರು ಎದ್ದು ಹೋಗಿ, ಬಂದು, ಮುಂದುವರಿಸಿದರು. ಎಲ್ಲ ಮುಗಿದ ಮೇಲೆ ನಾನು ಕ್ಯಾಮೆರಾವನ್ನು ಹಲಗೆಯ ನೇರ ಮೇಲಕ್ಕೆ ತಂದೆ. ಟಾರ್ಚಿನ ಬೆಳಕಿನಲ್ಲಿ ಪ್ರತಿ ಕೇಸಿನ ತಳದಲ್ಲೂ ಬೂದು ಬಣ್ಣದ ಸಣ್ಣ ಸಣ್ಣ ಬಿಲ್ಲೆಗಳು ಕಾಣುತ್ತಿದ್ದವು. ಒಂದರಲ್ಲಿ ಮಾತ್ರ ಆ ಬೂದು ಮೇಲಕ್ಕೆ ಬಂದಿತ್ತು, ಅದರ ಮೇಲೆ ಬೀಳುವ ಕೇಸಿನ ಅಂಚಿನ ನೆರಳು ಗಿಡ್ಡವಾಗಿತ್ತು.

"ಭಾವ, ಮೂರನೇ ಸಾಲಲ್ಲಿ ಒಂದು ಬೇರೆ ಥರ ಕಾಣ್ತಿದೆ ನೋಡಿ," ಎಂದೆ.

"ಎಷ್ಟನೆಯದು?"

"ಎಡಗಡೆಯಿಂದ ಏಳನೆಯದು."

ಅವರು ಟಾರ್ಚ್ ಹಿಡಿದು ಬಗ್ಗಿ ನೋಡಿದರು. ಎರಡು ಸಲ ಮದ್ದು ಬಿದ್ದಿತ್ತು. ಏನೂ ಮಾತಾಡದೆ ಆ ಒಂದನ್ನಲ್ಲ, ಐವತ್ತರ ಮದ್ದನ್ನೂ ಡಬ್ಬಿಗೆ ಸುರಿದರು. "ಒಂದು ತಪ್ಪಿದೆ ಅಂದ್ರೆ ಉಳಿದ ನಲವತ್ತೊಂಬತ್ತನ್ನು ನಾನು ಹೇಗೆ ನಂಬಲಿ? ಕಾಫಿ ಆಮೇಲೆ ಕುಡೀಬಹುದಿತ್ತು," ಎಂದವರು ಮೊದಲ ಕೇಸಿನಿಂದ ಮತ್ತೆ ಶುರು ಮಾಡಿದರು. ಮದ್ದು ಬೀಳದೆ ಉಳಿಯುವುದೂ ಅಷ್ಟೇ ಅಪಾಯವೆಂದು ಆಗ ಹೇಳಿದರು: ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಗೆ ಅರ್ಧ ದಾರಿ ಹೋಗಿ ನಿಲ್ಲಬಹುದು, ಅದನ್ನು ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಬಿರಿಯಬಹುದು. ಹಾಗಾಗಿ ಹಾರಿಸುವಾಗ ಪ್ರತಿ ಸದ್ದನ್ನೂ ಕಿವಿಗೊಟ್ಟು ಕೇಳಬೇಕು, ಸದ್ದು ಸಪ್ಪೆಯೆನಿಸಿದರೆ ಅಲ್ಲಿಗೇ ನಿಲ್ಲಿಸಬೇಕು.

ಕೊನೆಗೆ ಗುಂಡು ಕೂರಿಸಿ, ಗುಂಡಿನ ಸುತ್ತ ಇರುವ ತೋಡಿನೊಳಕ್ಕೆ ಕೇಸಿನ ಬಾಯಂಚನ್ನು ಒಳಮಡಿಸುತ್ತಾರೆ. ರಿವಾಲ್ವರಿಗೆ ಇದು ಬಹಳ ಮುಖ್ಯ. ಒಂದು ತೋಟೆ ಹಾರಿದಾಗ ಇಡೀ ಬಂದೂಕು ಹಿಂದಕ್ಕೆ ಜಗ್ಗುತ್ತದೆ, ಉಳಿದ ಮನೆಗಳಲ್ಲಿರುವ ಗುಂಡುಗಳು ಇದ್ದಲ್ಲೇ ನಿಲ್ಲಲು ನೋಡುತ್ತವೆ. ಮಡಿಕೆ ಸಡಿಲವಿದ್ದರೆ ಅವು ಕೇಸಿನಿಂದ ಮುಂದೆ ಜಾರಿ ಸಿಲಿಂಡರಿನ ಹೊರಗೆ ಮೂತಿ ಹಾಕಿ, ನಳಿಗೆಯ ಹಿಂಬದಿಗೆ ತಾಗಿ ಸಿಲಿಂಡರನ್ನು ತಡೆದುಬಿಡುತ್ತವೆ.

ಶನಿವಾರ ಬೆಳಿಗ್ಗೆ ರೇಂಜಿನಲ್ಲಿ, ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊಂಡು, ಭಾವ ಟ್ರಿಗರನ್ನು ಅವಸರವಿಲ್ಲದೆ ಎಳೆದರು. ಸದ್ದು ಪ್ರತಿ ಸಲವೂ ಒಂದೇ ಥರ ಕೇಳಿಸಿತು. ಆರಾರರಂತೆ ಎಂಟು ಸುತ್ತು, ಒಟ್ಟು 48. ಮನೆಗೆ ಬಂದು ಖಾಲಿ ಕೇಸುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವಾಗ ಮೂರರ ಬಾಯಿ ಉದ್ದಕ್ಕೆ ಸೀಳಿತ್ತು. ಮತ್ತೆ ಯಾರ ಕೈಗೂ ಬರದಿರಲೆಂದು ಅವನ್ನು ಇಕ್ಕುಳದಿಂದ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿದರು. ಆಮೇಲೆ ತಾರೀಕು, ಮದ್ದು, ತೂಕ, ಗುಂಡು ಎಲ್ಲವನ್ನೂ ಬರೆದಿದ್ದ ಪೆಟ್ಟಿಗೆಯ ಚೀಟಿಯಲ್ಲಿ 50 ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ 2 ಎಂದು ಬರೆದು, ಪೆಟ್ಟಿಗೆಯನ್ನು ಬೀಗದ ಕಪಾಟಿನೊಳಗೆ ಇಟ್ಟರು.