ಕೊಟ್ಟೆ ಅಂದರೆ ಸಾಲದು

ಎಲ್ಲರಿಗೂ ನಮಸ್ಕಾರ. ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ. ಬಳ್ಳಾರಿಯ ಈ ಸಭೆಗೆ ತೋರಣಗಲ್ಲು, ಗಿಣಿಗೇರಾ ಕಡೆಯ ಸೂಪರ್‌ವೈಸರ್‌ಗಳು ಬಂದಿದ್ದೀರಿ. ಊರಿನ ಜೀನ್ಸ್ ಯೂನಿಟ್ ನಡೆಸುವವರೂ ಇದ್ದೀರಿ. ಹೆಲ್ಮೆಟ್, ಶೂ, ಬೆಲ್ಟ್ ಬಗ್ಗೆ ಬೆಳಿಗ್ಗೆಯಿಂದ ಕೇಳಿದ್ದೀರಿ. ನನ್ನ ಪಾಲಿಗೆ ಬಂದದ್ದು ಲಾಗ್ ಬುಕ್, ಪರ್ಮಿಟ್ (ಕೆಲಸಕ್ಕೆ ಮುಂಚೆ ಬರೆದು ಕೊಡುವ ಅನುಮತಿ), ಸರ್ಕ್ಯುಲರ್, ನೋಟಿಸ್ ಬೋರ್ಡು. ಇವನ್ನು ಆಫೀಸಿನವರ ಕೆಲಸ ಅಂತ ಬಿಟ್ಟುಬಿಡುತ್ತೇವೆ, ಅಲ್ವಾ? ಹೆಲ್ಮೆಟ್ಟಿನಷ್ಟೇ ಇವೂ ಜೀವ ಕಾಯುತ್ತವೆ.

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಪೂರ್ತಿ ಕೇಳಿ. 1988ರ ಜುಲೈ 6. ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನುವ ತೈಲ ಕಟ್ಟೆ. ಅಲ್ಲಿ ಎರಡು ಪಂಪು. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ತೆರೆದ ಪೈಪಿನ ಬಾಯಿಗೆ ತಾತ್ಕಾಲಿಕ ಮುಚ್ಚಳ ಹಾಕಿದರು. ಆ ಕೆಲಸಕ್ಕೆ ಪರ್ಮಿಟ್ ಇತ್ತು, ಅದರ ಕಾಗದವೂ ಇತ್ತು.

ರಾತ್ರಿ ಇನ್ನೊಂದು ಪಂಪು ನಿಂತಿತು. ಪಾಳಿಯವರು ಕಾಗದ ಹುಡುಕಿದರು. ಮೊದಲ ಪಂಪಿಗೆ ಬೇರೊಂದು ರಿಪೇರಿ ಇತ್ತು, ಅದು ಇನ್ನೂ ಶುರುವಾಗಿಲ್ಲ ಅಂತ ತಿಳಿಯಿತು. ವಾಲ್ವ್ ಬಿಚ್ಚಿರುವುದು ಅವರಿಗೆ ಗೊತ್ತಾಗಲಿಲ್ಲ. ಪಾಳಿ ಬದಲಾಗುವಾಗ ಅದನ್ನು ಯಾರೂ ಹೇಳಿರಲಿಲ್ಲ. ವಾಲ್ವ್ ಇರುವ ಜಾಗವೂ ಪಂಪಿನ ಹತ್ತಿರ ನಿಂತರೆ ಕಾಣುವಂತಿರಲಿಲ್ಲ. ಪಂಪು ಚಾಲೂ ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಯಿತು. 167 ಜನ ಸತ್ತರು.

ನೋಡಿ, ಯಾರೂ ಸೋಮಾರಿಗಳಲ್ಲ. ಕಾಗದ ಬರೆದಿದ್ದರು, ಹುಡುಕಿಯೂ ಹುಡುಕಿದರು. ಆದರೂ ವಿಷಯ ಬೇಕಾದವನಿಗೆ ಮುಟ್ಟಲಿಲ್ಲ. ಲಾರ್ಡ್ ಕಲೆನ್ ಅವರ ತನಿಖಾ ವರದಿ 1990ರಲ್ಲಿ ಬಂತು. ಅದರಲ್ಲಿ 106 ಶಿಫಾರಸು. ಪರ್ಮಿಟ್ ಪದ್ಧತಿಯನ್ನು ಅವರು ಬಿಡಿಬಿಡಿಯಾಗಿ ಪರೀಕ್ಷಿಸಿದ್ದರು.

ನಮ್ಮ ಸ್ಪಾಂಜ್ ಐರನ್ ಕಿಲ್ನ್, ಅದೇ ಅದಿರಿನಿಂದ ಕಬ್ಬಿಣ ಮಾಡುವ ಕುಲುಮೆ, ನೆನಪು ಮಾಡಿಕೊಳ್ಳಿ. ಅಲ್ಲಿನ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಳಗೆ ಇಳಿಯುವ ಹುಡುಗನಿಗೆ ಮೂಗು ಏನೂ ಹೇಳುವುದಿಲ್ಲ. ಮೀಟರ್ ಹೇಳಬೇಕು, ಹಿಂದಿನ ಪಾಳಿಯವನು ಹೇಳಬೇಕು. 'ಲಾಗ್ ಬುಕ್ಕಿನಲ್ಲಿ ಬರೆದಿದ್ದೆ' ಅಂದರೆ ಸಾಲದು. ಬಂದವನ ಪಕ್ಕ ನಿಂತು ಓದಿಸಿ. 'ಏನು ತಿಳಿಯಿತು, ಹೇಳಪ್ಪ' ಅಂತ ಕೇಳಿ. ಆಮೇಲೆ ಅವನ ಸಹಿ ಹಾಕಿಸಿ. ಬಸ್ಸು ತಪ್ಪುತ್ತದೆ ಅನ್ನುತ್ತೀರಿ. ಹಾಗಾದರೆ ಆ ಹತ್ತು ನಿಮಿಷಕ್ಕೆ ಪಗಾರ ಕೊಡಿ, ಬಸ್ಸನ್ನು ನಿಲ್ಲಿಸಿ. ಮಾಲೀಕರು ಮುಂದಿನ ಸಾಲಿನಲ್ಲೇ ಇದ್ದೀರಿ, ನಿಮಗೇ ಹೇಳುತ್ತಿದ್ದೇನೆ.

ವಾಟ್ಸಾಪ್ ಗ್ರೂಪು ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇರಲಿ. ಆದರೆ ಹನುಮಪ್ಪನ ಫೋಟೋ, ಗುಡ್ ಮಾರ್ನಿಂಗ್ ಹೂವು, ಯಾರದೋ ಮಗಳ ಬರ್ತ್‌ಡೇ, ಇವುಗಳ ನಡುವೆ ಶಟ್‌ಡೌನ್ ಸುದ್ದಿ ಹುಡುಕುವುದು ಹೇಗೆ? ನೀಲಿ ಗುರುತು ಬಂದರೆ ತೆರೆದ ಅಂತ ಅಷ್ಟೇ. ತಿಳಿಯಿತು ಅಂತ ಅಲ್ಲ. ಕೊಟ್ಟೆ ಅಂದರೆ ಸಾಲದು, ಮತ್ತೆ ಅದೇ ಮಾತು.

ಇನ್ನು ಭಾಷೆ. 1948ರ ಫ್ಯಾಕ್ಟರಿ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೇ ಈ ಮಾತಿತ್ತು. ಕಾಯ್ದೆ ಹಾಕಿಸುವ ನೋಟಿಸು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂತ. ಬಳ್ಳಾರಿಯಲ್ಲಿ ಬರೀ ಇಂಗ್ಲಿಷ್ ಸರ್ಕ್ಯುಲರ್ ಅಂಟಿಸಿದರೆ ಅದು ಯಾರಿಗೆ? ಕನ್ನಡದಲ್ಲಿ ಹಾಕಿ. ಬಿಹಾರ, ಒಡಿಶಾದ ಹುಡುಗರಿದ್ದರೆ ಹಿಂದಿಯಲ್ಲೂ, ಒಡಿಯಾದಲ್ಲೂ ಹಾಕಿ. ಓದು ಬಾರದವರಿಗೆ ಮೇಸ್ತ್ರಿ ಓದಿ ಹೇಳಲಿ.

ಸಮಯ ಆಯಿತು ಅಂತ ಚೀಟಿ ಬಂತು. ಬೇಗ ಎರಡು ಮಾತು. ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫಯೋಲ್ 1916ರಲ್ಲೇ ಹೇಳಿದ್ದರು: ಎರಡು ವಿಭಾಗದ ಸಮಾನ ಹುದ್ದೆಯವರು ನೇರ ಮಾತಾಡಲಿ, ಮೇಲಿನವರ ಒಪ್ಪಿಗೆ ಇರಲಿ, ಏನು ತೀರ್ಮಾನಿಸಿದರು ಅಂತ ಅವರಿಗೆ ತಿಳಿಸಲಿ. ಮೆಕ್ಯಾನಿಕಲ್‌ನವರು, ಎಲೆಕ್ಟ್ರಿಕಲ್‌ನವರು ಇದನ್ನು ನಾಳೆಯೇ ಶುರು ಮಾಡಬಹುದು. ಇನ್ನೊಂದು, ಹೆಲ್ಪರ್ ಕೊಟ್ಟ ದೂರಿಗೂ ತಾರೀಖು ಹಾಕಿ ರಸೀದಿ ಕೊಡಿ. ಅವನಿಗೂ ಉತ್ತರ ಬೇಕು.

ಪರ್ಮಿಟ್ ಪುಸ್ತಕದ ಬಗ್ಗೆ ಗಿಣಿಗೇರಾದ ಅಣ್ಣ ಒಬ್ಬರು ಆಗಲೇ ಕೈ ಎತ್ತಿದ್ದರು. ಮೊದಲು ಅವರು ಕೇಳಲಿ.