ಡಿಸ್ಕ್ ಬರ್ನ್ ಆಗ್ತಿಲ್ವಾ? ಎರರ್ ಯಾವಾಗ ಬಂತು ಅಂತ ಮೊದಲು ನೋಡಿ

[ದೃಶ್ಯ: ಕಂಪ್ಯೂಟರ್ ಪರದೆ. ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತಾ ಬಂದು ಒಂದು ಕಡೆ ನಿಲ್ಲುತ್ತೆ. ಡ್ರೈವ್‌ನ ಟ್ರೇ ತಾನಾಗೇ ಹೊರಗೆ ಬರುತ್ತೆ.]

ನಮಸ್ಕಾರ. ವರ್ಷಗಳಿಂದ ಕೂಡಿಟ್ಟ ಫೋಟೋ, ಕಾಗದಪತ್ರ, ಲೆಕ್ಕದ ಫೈಲ್ ಎಲ್ಲವನ್ನೂ ಒಂದು ಡಿವಿಡಿಗೆ ಹಾಕಿ ಎತ್ತಿಡೋಣ ಅಂತ ಕೂತಿರ್ತೀರಿ. ಪಟ್ಟಿ ತುಂಬುತ್ತಾ ಬರುತ್ತೆ, ಇದ್ದಕ್ಕಿದ್ದ ಹಾಗೆ ನಿಲ್ಲುತ್ತೆ. ಪರದೆ ಮೇಲೆ ಒಂದೇ ಸಾಲು: ಡಿಸ್ಕ್ ಬರ್ನ್ ಮಾಡುವಾಗ ತೊಂದರೆಯಾಯಿತು. ತೊಂದರೆ ಎಲ್ಲಿ, ಡಿಸ್ಕ್‌ದಾ, ಡ್ರೈವ್‌ದಾ, ಫೈಲ್‌ದಾ, ಅದರ ಸುಳಿವೇ ಇಲ್ಲ. ನೀವು ಇನ್ನೊಂದು ಡಿಸ್ಕ್ ಹಾಕ್ತೀರಿ. ಅದೂ ಹಾಳಾಗುತ್ತೆ.

ಎರಡನೇ ಡಿಸ್ಕ್ ಹಾಕೋ ಮುಂಚೆ ಒಂದು ವಿಷಯ ಗಮನಿಸಿ. ಎರರ್ ಏನು ಹೇಳ್ತು ಅನ್ನೋದಕ್ಕಿಂತ, ಅದು ಯಾವ ಗಳಿಗೆಯಲ್ಲಿ ಬಂತು ಅನ್ನೋದು ಹೆಚ್ಚು ಹೇಳುತ್ತೆ. ಬರೆಯೋಕೆ ಶುರು ಮಾಡೋ ಮೊದಲೇ ಬಂತಾ? ಶುರುವಾದ ಕೆಲವೇ ಸೆಕೆಂಡಿಗಾ? ನಡುವೆಯಾ? ಕೊನೆಯಲ್ಲಾ? ಒಂದೊಂದಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ.

[ಪರದೆ ಮೇಲೆ: ಶುರುವಾಗೋ ಮೊದಲೇ]

ಇಲ್ಲಿ ಲೇಸರ್ ಇನ್ನೂ ಡಿಸ್ಕನ್ನು ಮುಟ್ಟೇ ಇಲ್ಲ. ಹಾಗಾಗಿ ಡಿಸ್ಕ್ ಕೆಟ್ಟಿಲ್ಲ, ಎಸೀಬೇಡಿ. ತೊಂದರೆ ಬಹುತೇಕ ಫೈಲ್‌ಗಳಲ್ಲೇ ಇರುತ್ತೆ.

ಮೊದಲನೇದು ಜಾಗ. ಡಿವಿಡಿ ಮೇಲೆ 4.7 ಜಿಬಿ ಅಂತ ಅಚ್ಚು ಹಾಕಿರ್ತಾರೆ. ನಿಮ್ಮ ಫೋಲ್ಡರ್ 4.5 ಜಿಬಿ ಇದೆ ಅಂತ ವಿಂಡೋಸ್ ತೋರಿಸುತ್ತೆ. ಆದರೂ ಜಾಗ ಸಾಲದು ಅಂತ ಎರರ್. ಎರಡೂ ಕಡೆ ಲೆಕ್ಕ ಸರಿಯಾಗೇ ಇದೆ, ಅಳೆಯೋ ಕೋಲು ಮಾತ್ರ ಬೇರೆ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಹೇಳ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. 470 ಕೋಟಿ ಬೈಟ್‌ಗಳನ್ನು 1024ರಿಂದ ಮೂರು ಸಲ ಭಾಗಿಸಿ ನೋಡಿ, 4.38ರ ಹತ್ತಿರ ನಿಲ್ಲುತ್ತೆ. ನಿಮಗೆ ನಿಜವಾಗಿ ಸಿಗೋದು ಅಷ್ಟೇ. ಎರಡು ಪದರದ 8.5 ಜಿಬಿ ಡಿಸ್ಕ್‌ನಲ್ಲಿ ಸುಮಾರು 7.95, 25 ಜಿಬಿ ಬ್ಲೂ-ರೇಯಲ್ಲಿ ಸುಮಾರು 23.3.

[ದೃಶ್ಯ: ಫೋಲ್ಡರ್‌ನ ಪ್ರಾಪರ್ಟೀಸ್ ಕಿಟಕಿ, ಬೈಟ್‌ಗಳ ಸಂಖ್ಯೆಯ ಸುತ್ತ ಕೆಂಪು ಗುರುತು.]

ಅದಕ್ಕೇ ಜಿಬಿ ನೋಡ್ಬೇಡಿ, ಪಕ್ಕದಲ್ಲಿ ಬ್ರಾಕೆಟ್ ಒಳಗಿರೋ ಬೈಟ್ ಸಂಖ್ಯೆ ನೋಡಿ. ಸಣ್ಣ ಸಣ್ಣ ಫೈಲ್‌ಗಳು ತುಂಬಾ ಇದ್ದರೆ ಇನ್ನೂ ಒಂದು ವಿಷಯ ಇದೆ. ಡಿಸ್ಕ್‌ನಲ್ಲಿ ಜಾಗ ಕೊಡೋದು 2048 ಬೈಟ್‌ಗಳ ಕಟ್ಟಿನಲ್ಲಿ. 10 ಬೈಟ್‌ನ ಫೈಲ್ ಕೂಡ ಒಂದು ಪೂರ್ತಿ ಕಟ್ಟನ್ನು ಹಿಡಿಯುತ್ತೆ. ಫೈಲಿಗೆ ಸರಾಸರಿ ಒಂದು ಕೆಬಿ ವ್ಯರ್ಥ ಅಂತ ಇಟ್ಟುಕೊಂಡರೂ, ಒಂದು ಲಕ್ಷ ಫೈಲ್ ಇದ್ದರೆ 100 ಎಂಬಿ ಹೋಯ್ತು.

ಇನ್ನು ತುಂಬಾ ಜನ ಎಡವೋ ಜಾಗಕ್ಕೆ ಬರೋಣ. ಬ್ಯಾಕಪ್ ಅಂದ್ರೆ ಎಲ್ಲವನ್ನೂ ಒಂದೇ ದೊಡ್ಡ ಜಿಪ್ ಮಾಡೋದು ರೂಢಿ. ಡಿಸ್ಕ್‌ಗಳ ಹಳೇ ಫೈಲ್ ವ್ಯವಸ್ಥೆ (ಫೈಲ್‌ಗಳನ್ನು ಜೋಡಿಸಿಡೋ ಕ್ರಮ) ಐಎಸ್‌ಒ 9660. ಅದು ಸಾಮಾನ್ಯವಾಗಿ ಬಳಕೆಯಾಗೋ ರೂಪದಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಡಿಸ್ಕ್‌ನಲ್ಲಿ ಜಾಗ ಇದ್ದರೂ ಅಷ್ಟೇ. ಜಿಪ್ ಮಾಡೋ ಸೆವೆನ್-ಜಿಪ್ ಪ್ರೋಗ್ರಾಂನಲ್ಲಿ ಆರ್ಕೈವ್ (ಜಿಪ್‌ನಂಥ ಒಟ್ಟುಗೂಡಿಸಿದ ಫೈಲ್) ಒಡೆಯೋ ಕಡೆ ಡಿವಿಡಿಗೆ ಅಂತಲೇ 4480 ಎಂಬಿ ಅನ್ನೋ ಸಿದ್ಧ ಅಳತೆ ಇದೆ. ಅದು ಡಿಸ್ಕ್‌ಗೆ ಹಿಡಿಸುತ್ತೆ ನಿಜ. ಆದರೆ 4 ಜಿಬಿ ಅಂದರೆ 4096 ಎಂಬಿ. ಆ ತುಂಡು ಮಿತಿಯನ್ನು 384 ಎಂಬಿಯಷ್ಟು ದಾಟಿದೆ. ಒಂದೋ ಬರ್ನ್ ಮಾಡೋ ಪ್ರೋಗ್ರಾಂನಲ್ಲಿ ಫೈಲ್ ವ್ಯವಸ್ಥೆ ಯುಡಿಎಫ್ (ಅದಕ್ಕಿಂತ ಹೊಸ ವ್ಯವಸ್ಥೆ) ಅಂತ ಆರಿಸಿ, ಇಲ್ಲಾ 2000 ಎಂಬಿಯ ತುಂಡುಗಳಾಗಿ ಒಡೀರಿ. ನನ್ನನ್ನು ಕೇಳಿದರೆ ಫೋಟೋಗಳನ್ನು ಜಿಪ್ ಮಾಡಲೇಬೇಡಿ. ಜೆಪೆಗ್ ಮೊದಲೇ ಕುಗ್ಗಿಸಿದ ಫೈಲ್, ಜಿಪ್ ಮಾಡಿದರೆ ಉಳಿತಾಯ ಆಗೋದು ತೀರಾ ಕಡಿಮೆ. ನಾಳೆ ಡಿಸ್ಕ್ ಮೇಲೆ ಒಂದು ಗೀರು ಬಿದ್ದರೆ ಬಿಡಿ ಫೋಟೋಗಳಲ್ಲಿ ಒಂದೋ ಎರಡೋ ಹೋಗಬಹುದು. ಒಂದೇ ಆರ್ಕೈವ್ ಆಗಿದ್ದರೆ ಅದನ್ನು ಬಿಚ್ಚೋದೇ ಕಷ್ಟ ಆಗಬಹುದು.

ಆಮೇಲೆ ಹೆಸರು. ಕನ್ನಡದಲ್ಲಿ ಫೈಲ್‌ಗೆ ಹೆಸರಿಡೋರು ಇದನ್ನು ಗಮನ ಇಟ್ಟು ಕೇಳಿ. ಐಎಸ್‌ಒ 9660ಕ್ಕೆ ವಿಂಡೋಸ್‌ಗಾಗಿ ಬಂದ ಜಾಲಿಯೆಟ್ ಅನ್ನೋ ವಿಸ್ತರಣೆಯಲ್ಲಿ ಹೆಸರಿಗೆ 64 ಅಕ್ಷರದ ಮಿತಿ. ನಾವು ಎರಡು ಅಕ್ಷರ ಅಂತ ಓದೋ "ಲಕ್ಷ್ಮಿ", ಕಂಪ್ಯೂಟರ್ ಎಣಿಕೆಯಲ್ಲಿ ಏಳು.

[ಪರದೆ ಮೇಲೆ: ಲ + ಕ + ್ + ಷ + ್ + ಮ + ಿ = 7]

ಒತ್ತಕ್ಷರದ ಹಲಂತ ಒಂದು, ಗುಡಿಸು ಒಂದು, ಎಲ್ಲವೂ ಬೇರೆ ಬೇರೆ ಎಣಿಕೆ. ಹಾಗಾಗಿ "ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ದಿನ ಎಲ್ಲರೂ ಸೇರಿ ತೆಗೆಸಿಕೊಂಡ ಗುಂಪು ಫೋಟೋ" ಅನ್ನೋ ಹೆಸರು ನೋಡೋಕೆ ಅಷ್ಟೇನೂ ಉದ್ದ ಇಲ್ಲ, ಆದರೂ ಮಿತಿ ದಾಟುತ್ತೆ. ಇದೇ ಹೆಸರಿನ ಕೊನೆಗೆ 1, 2, 3 ಅಂತ ಹಾಕಿದ್ದರೆ ಕೆಲವು ಪ್ರೋಗ್ರಾಂಗಳು ಬಾಲ ಕತ್ತರಿಸ್ತವೆ, ಆಗ ಮೂರೂ ಫೈಲಿಗೆ ಒಂದೇ ಹೆಸರಾಗಿ ಘರ್ಷಣೆ. ಯುಡಿಎಫ್‌ನಲ್ಲಿ ಕನ್ನಡಕ್ಕೆ 127ರವರೆಗೆ ಸಿಗುತ್ತೆ. ಸಂಖ್ಯೆಯನ್ನು ಹೆಸರಿನ ತಲೆಗೆ ಹಾಕಿದರೆ ಇನ್ನೂ ಒಳ್ಳೇದು.

ಉಳಿದ ಸಣ್ಣಪುಟ್ಟವನ್ನು ಬೇಗ ಹೇಳಿಬಿಡ್ತೀನಿ. ಬರ್ನ್ ಮಾಡೋ ಮುಂಚೆ ವಿಂಡೋಸ್ ಫೈಲ್‌ಗಳ ಒಂದು ನಕಲನ್ನು ಸಿ ಡ್ರೈವ್‌ನಲ್ಲಿ ಕೂಡಿಡುತ್ತೆ, ಅಲ್ಲಿ ಜಾಗ ಇಲ್ಲದಿದ್ದರೆ ಶುರುವಲ್ಲೇ ಎರರ್. ಹೋದ ಸಲ ಅರ್ಧಕ್ಕೆ ಬಿಟ್ಟ ಫೈಲ್‌ಗಳು ಅಲ್ಲೇ ಸಾಲಿನಲ್ಲಿ ಕಾಯ್ತಿರಬಹುದು, ಡಿಸ್ಕ್ ಹಾಕಿದಾಗ ಕಾಣೋ ಆ ಪಟ್ಟಿಯನ್ನು ಅಳಿಸಿ. ತೆರೆದಿಟ್ಟ ಮೇಲ್ ಪ್ರೋಗ್ರಾಂ ತನ್ನ ಫೈಲನ್ನು ಬಿಟ್ಟುಕೊಡಲ್ಲ, ಅದನ್ನು ಮುಚ್ಚಿ. ಮೋಡದ ಗುರುತು ಕಾಣೋ ಫೈಲ್‌ಗಳು ನಿಮ್ಮ ಕಂಪ್ಯೂಟರ್‌ನಲ್ಲಿ ಇರೋದು ಹೆಸರಿಗೆ ಮಾತ್ರ, ಮೊದಲು ಪೂರ್ತಿ ಡೌನ್‌ಲೋಡ್ ಮಾಡಿ.

[ಪರದೆ ಮೇಲೆ: ಮೊದಲ ಕೆಲವು ಸೆಕೆಂಡುಗಳಲ್ಲಿ]

ಡ್ರೈವ್ ಗುಂಯ್ ಅಂತ ತಿರುಗೋಕೆ ಶುರುವಾಯ್ತು, ದೀಪ ಮಿನುಗಿತು, ಶೇಕಡ ಒಂದೂ ಆಗಲಿಲ್ಲ, ನಿಂತಿತು. ಕೆಲವು ಪ್ರೋಗ್ರಾಂಗಳು ಇದನ್ನು "ಪವರ್ ಕ್ಯಾಲಿಬ್ರೇಷನ್ ಎರರ್" ಅಂತ ತೋರಿಸ್ತವೆ. ನೋಡೋಕೆ ಭಯ ಹುಟ್ಟಿಸೋ ಮಾತು, ಆದರೆ ಎರರ್‌ಗಳಲ್ಲಿ ಇದರಷ್ಟು ಸ್ಪಷ್ಟವಾಗಿ ಮಾತಾಡೋದು ಇನ್ನೊಂದಿಲ್ಲ.

[ದೃಶ್ಯ: ಡಿಸ್ಕ್‌ನ ಕೆಳಮುಖ, ನಡುವಿನ ತೂತಿನ ಹತ್ತಿರದ ಉಂಗುರಕ್ಕೆ ಬಾಣದ ಗುರುತು.]

ಒಂದೇ ಸಲ ಬರೆಯೋ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ಪದರ ಇರುತ್ತೆ. ಲೇಸರ್ ಅದನ್ನು ಕಾಯಿಸಿ ಗುರುತು ಮಾಡುತ್ತೆ. ಎಷ್ಟು ಕಾಯಿಸಬೇಕು ಅನ್ನೋದು ಪ್ರತಿ ಡಿಸ್ಕ್‌ಗೂ ಸ್ವಲ್ಪ ಬೇರೆ. ಅದಕ್ಕೇ ಡ್ರೈವ್ ನಿಜವಾದ ಬರವಣಿಗೆಗೆ ಮುಂಚೆ ಡಿಸ್ಕ್‌ನ ಒಳ ಅಂಚಿನಲ್ಲಿ, ಪರೀಕ್ಷೆಗೆ ಅಂತಲೇ ಬಿಟ್ಟಿರೋ ಜಾಗದಲ್ಲಿ, ಬೇರೆ ಬೇರೆ ಶಕ್ತಿಯಲ್ಲಿ ಬರೆದು ಓದಿ ನೋಡುತ್ತೆ. ಹೊಸ ಪೆನ್ ಕೊಂಡಾಗ ಕಾಗದದ ಮೂಲೆಯಲ್ಲಿ ಗೀಚಿ ನೋಡ್ತೀವಲ್ಲ, ಹಾಗೆ. ಯಾವ ಶಕ್ತಿಯಲ್ಲೂ ಓದೋ ಹಾಗೆ ಬರೆಯೋಕಾಗಲಿಲ್ಲ ಅಂದರೆ ಈ ಎರರ್.

ಅಂದರೆ ಆ ಡ್ರೈವ್‌ಗೂ ಆ ಡಿಸ್ಕ್‌ಗೂ ಹೊಂದಿಕೆ ಇಲ್ಲ. ಮೊದಲು ಬೇರೆ ತಯಾರಕರ ಡಿಸ್ಕ್ ಹಾಕಿ ನೋಡಿ. ಡಿವಿಡಿಯಲ್ಲಿ ಪ್ಲಸ್ ಆರ್, ಮೈನಸ್ ಆರ್ ಅಂತ ಎರಡು ಬಗೆ ಇವೆ, ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗಬಹುದು. ವೇಗ ಕಡಿಮೆ ಮಾಡಿ. ಆದರೆ ತೀರಾ ಕೆಳಗಿನ ವೇಗವೇ ಒಳ್ಳೇದು ಅನ್ನೋ ಹಳೇ ನಂಬಿಕೆಯನ್ನು ನಾನು ಒಪ್ಪಲ್ಲ. 16ಎಕ್ಸ್ ಡಿಸ್ಕನ್ನು ವೇಗದ ಬರವಣಿಗೆಗೆ ಅಂತಲೇ ಮಾಡಿರ್ತಾರೆ, ಅದಕ್ಕೆ 8ಎಕ್ಸ್ ಸರಿಹೋಗುತ್ತೆ. ಬೇರೆ ಬೇರೆ ಡಿಸ್ಕ್‌ಗಳಿಗೂ ಇದೇ ಎರರ್ ಬಂದರೆ ಲೆನ್ಸ್ ಮೇಲೆ ದೂಳು ಕೂತಿರಬಹುದು, ಇಲ್ಲಾ ಲೇಸರ್‌ಗೆ ವಯಸ್ಸಾಗಿದೆ. ಸಿಡಿ ಬರೆಯೋ ಲೇಸರ್ 780 ನ್ಯಾನೋಮೀಟರ್‌ನದು, ಡಿವಿಡಿಯದು 650. ಹಾಗಾಗಿ ಸಿಡಿ ಚೆನ್ನಾಗಿ ಬರೆದು ಡಿವಿಡಿ ಮಾತ್ರ ಕೈಕೊಟ್ಟರೂ ಆಶ್ಚರ್ಯ ಇಲ್ಲ.

"ಖಾಲಿ ಡಿಸ್ಕ್ ಹಾಕಿ" ಅಂತ ಪದೇ ಪದೇ ಕೇಳ್ತಿದ್ದರೆ ಡಿಸ್ಕ್ ಮಗುಚಿ ಬೆಳಕಿಗೆ ಹಿಡೀರಿ. ಒಳಗಿನಿಂದ ಹೊರಕ್ಕೆ ಬಣ್ಣ ಬೇರೆಯಾದ ಒಂದು ಉಂಗುರ ಕಂಡರೆ ಅದರಲ್ಲಿ ಈಗಾಗಲೇ ಬರೆದಿದೆ ಅಂತ ಅರ್ಥ.

[ಪರದೆ ಮೇಲೆ: ನಡುವೆ]

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಕೆಲವೊಮ್ಮೆ ಈ ಎರರ್ ಡಿಸ್ಕ್‌ಗಿಂತ ದೊಡ್ಡ ಅಪಾಯದ ಸುದ್ದಿ ತರುತ್ತೆ.

ನನಗೆ ಒಮ್ಮೆ ಮೂರು ಡಿವಿಡಿ ಒಂದಾದ ಮೇಲೊಂದು, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತವು. ಡಿಸ್ಕ್‌ನದೇ ತಪ್ಪು ಅಂದುಕೊಂಡಿದ್ದೆ. ನಾಲ್ಕನೇದು ಹಾಕೋ ಬದಲು ಅದೇ ಫೋಲ್ಡರನ್ನು ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ನೋಡಿದೆ. ಅಲ್ಲೂ ಒಂದು ವಿಡಿಯೋ ಹತ್ತಿರ ಬಂದು ನಿಂತಿತು. ಈ ಸಲ ಎರರ್ ಬೇರೆ ಇತ್ತು: "ಸೈಕ್ಲಿಕ್ ರಿಡಂಡೆನ್ಸಿ ಚೆಕ್". ಅಂದರೆ ಓದಿದ ದತ್ತಾಂಶ ಅದರ ತಾಳೆ ಸಂಖ್ಯೆಗೆ ಹೊಂದಲಿಲ್ಲ. ಡಿವಿಡಿಗಳು ಸರಿಯಾಗೇ ಇದ್ದವು. ಫೈಲ್‌ಗಳಿದ್ದ ಹಾರ್ಡ್ ಡಿಸ್ಕ್ ಸಾಯ್ತಾ ಇತ್ತು.

ಈ ಮಾತು ನಿಮ್ಮ ಪರದೆ ಮೇಲೆ ಕಂಡರೆ ಬರ್ನ್ ಮಾಡೋದನ್ನು ಅಲ್ಲಿಗೇ ನಿಲ್ಲಿಸಿ. ಆ ಹಾರ್ಡ್ ಡಿಸ್ಕ್‌ನಿಂದ ಓದೋಕಾಗೋದನ್ನೆಲ್ಲ ಮೊದಲು ಬೇರೆ ಕಡೆಗೆ ತೆಗೀರಿ. ಅತಿ ಮುಖ್ಯವಾದ ಫೋಲ್ಡರ್ ಮೊದಲು, ಹಟ ಹಿಡಿಯೋ ಫೈಲ್ ಕೊನೆಗೆ.

ಅವತ್ತಿನಿಂದ ನಾನು ಬಿಡದೆ ಮಾಡೋ ಕೆಲಸ ಒಂದಿದೆ. ಫೈಲ್‌ಗಳನ್ನು ನೇರವಾಗಿ ಡಿಸ್ಕ್‌ಗೆ ಬರೆಯಲ್ಲ. ಮೊದಲು ಕಂಪ್ಯೂಟರ್ ಒಳಗೇ ಒಂದು ಐಎಸ್‌ಒ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಪ್ರತಿಯನ್ನು ಒಂದೇ ಫೈಲಾಗಿ, ಮಾಡ್ತೀನಿ. ಇಮೇಜ್ ಆಗೋವಾಗಲೇ ಎರರ್ ಬಂದರೆ ತಪ್ಪು ಫೈಲ್‌ಗಳದ್ದು, ಹೆಸರಿಂದೋ ಗಾತ್ರದ್ದೋ ಹಾರ್ಡ್ ಡಿಸ್ಕಿಂದೋ. ಇಮೇಜ್ ಸುಸೂತ್ರವಾಗಿ ಆಗಿ, ಅದನ್ನು ಬರೆಯೋವಾಗ ಎರರ್ ಬಂದರೆ ತಪ್ಪು ಡಿಸ್ಕ್‌ದು ಅಥವಾ ಡ್ರೈವ್‌ದು. ಒಂದೇ ಏಟಿಗೆ ಅರ್ಧ ಅನುಮಾನ ಕಳೀತು, ಒಂದು ಖಾಲಿ ಡಿಸ್ಕ್ ಕೂಡ ಖರ್ಚಾಗಲಿಲ್ಲ.

ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ಕೇಬಲ್ ಮತ್ತು ಕರೆಂಟ್ ಕಡೆ ನೋಡಿ. ಹೊರಗೆ ಸಿಕ್ಕಿಸೋ ತೆಳು ಡ್ರೈವ್‌ಗಳು ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ತವೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾಗಿರೋದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಓದೋಕೆ ಸಾಕಾಗೋ ಕರೆಂಟ್ ಬರೆಯೋಕೆ ಸಾಲದೇ ಹೋಗಬಹುದು, ಯಾಕಂದ್ರೆ ಬರೆಯೋವಾಗ ಲೇಸರ್‌ಗೆ ಹೆಚ್ಚು ಶಕ್ತಿ ಬೇಕು. ಹಬ್ ತೆಗೆದು ನೇರ ಕಂಪ್ಯೂಟರ್‌ಗೆ ಸಿಕ್ಕಿಸಿ, ಕೇಬಲ್ ಬದಲಿಸಿ. ಎರಡು ಪಿನ್ ಇರೋ ಕೇಬಲ್ ಜೊತೆಗೆ ಬಂದಿದ್ದರೆ ಎರಡನ್ನೂ ಹಾಕಿ.

ಒಂದು ಕಾಲದಲ್ಲಿ ನಡುವೆ ನಿಲ್ಲೋಕೆ ಮುಖ್ಯ ಕಾರಣ ಬಫರ್, ಅಂದರೆ ಬರೆಯೋ ಮುಂಚೆ ದತ್ತಾಂಶ ಕೂಡಿಡೋ ಡ್ರೈವ್‌ನ ಪುಟ್ಟ ಮೆಮೊರಿ, ಖಾಲಿಯಾಗೋದು. ಲೇಸರ್ ನಿಲ್ಲದೆ ಬರೀತಾ ಹೋಗಬೇಕಿತ್ತು, ದತ್ತಾಂಶ ಒಂದು ಕ್ಷಣ ತಡವಾದರೂ ಡಿಸ್ಕ್ ಹೋಯ್ತು. 2000ನೇ ಇಸವಿಯಲ್ಲಿ ಸ್ಯಾನ್ಯೋ ತಂದ ಬರ್ನ್-ಪ್ರೂಫ್ ತಂತ್ರದಿಂದ ಡ್ರೈವ್ ನಿಂತು, ಅದೇ ಬಿಂದುವಿನಿಂದ ಮುಂದುವರಿಯೋ ಹಾಗಾಯ್ತು. ಆಮೇಲಿನ ಡ್ರೈವ್‌ಗಳಲ್ಲಿ ಇಂಥದ್ದೊಂದು ರಕ್ಷಣೆ ಸಾಮಾನ್ಯವಾಗಿ ಇರುತ್ತೆ.

[ಪರದೆ ಮೇಲೆ: ಕೊನೆಯಲ್ಲಿ]

ಡಿಸ್ಕ್ ತುಂಬೋದು ಒಳಗಿನಿಂದ ಹೊರಕ್ಕೆ. ಹೊರ ಅಂಚೇ ಹೆಚ್ಚು ಅದುರೋ ಜಾಗ, ಬೆರಳಚ್ಚು ಬೀಳೋ ಜಾಗ. 16ಎಕ್ಸ್ ಅಂತ ಹೇಳೋ ಪೂರ್ತಿ ವೇಗ ಬರೋದೂ ಅಲ್ಲೇ, ಆಗ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗ್ತಿರುತ್ತೆ. ಶೇಕಡ 95 ದಾಟಿದ ಮೇಲೆ ಕೈಕೊಡೋದು ಅದಕ್ಕೇ. ಡಿಸ್ಕನ್ನು ಬಾಯಿಮಟ್ಟ ತುಂಬಿಸಬೇಡಿ, 200–300 ಎಂಬಿ ಬಿಡಿ.

ಎಲ್ಲ ಬರೆದಾಗಿ "ಡಿಸ್ಕ್ ಮುಚ್ಚೋಕಾಗಲಿಲ್ಲ" ಅಂತ ಬಂದರೆ ಗಾಬರಿ ಬೇಡ. ಫೈಲ್‌ಗಳು ಅಲ್ಲೇ ಇರಬಹುದು. ಟ್ರೇ ಹೊರಗೆ ತಂದು ಮತ್ತೆ ಒಳಗೆ ಹಾಕಿ, ಅದೇ ಡ್ರೈವ್‌ನಲ್ಲಿ ತೆರೆದು ನೋಡಿ. ತೆರೆದರೂ ಅದನ್ನು ನಿಮ್ಮ ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡೀಬೇಡಿ, ಬೇರೆ ಡ್ರೈವ್ ಅದನ್ನು ಓದದೇ ಇರಬಹುದು.

[ಪರದೆ ಮೇಲೆ: ಎರರ್ ಇಲ್ಲದೆ ಮುಗಿದಾಗ]

ಬರ್ನ್ ಯಶಸ್ವಿ ಅಂತ ಸಂದೇಶ ಬಂತು. ಡ್ರೈವ್ ಬರೆದಿದ್ದೀನಿ ಅಂತ ಹೇಳಿತಷ್ಟೇ. ಬರೆದದ್ದನ್ನು ಯಾರೂ ಇನ್ನೂ ಓದಿ ನೋಡಿಲ್ಲ. ಪ್ರೋಗ್ರಾಂನಲ್ಲಿ ವೆರಿಫೈ ಅನ್ನೋ ಚೌಕ ಇದ್ದರೆ ಪ್ರತಿ ಸಲವೂ ಗುರುತು ಹಾಕಿ. ಸಮಯ ಹೆಚ್ಚು ಹಿಡಿಯುತ್ತೆ, ಹಿಡೀಲಿ. ಆ ಚೌಕ ಇಲ್ಲದಿದ್ದರೆ ಡಿಸ್ಕನ್ನು ಒಮ್ಮೆ ಹೊರತೆಗೆದು ಹಾಕಿ, ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ, ಪೂರ್ತಿ ಡಿಸ್ಕನ್ನು ಖಾಲಿ ಫೋಲ್ಡರ್‌ಗೆ ಕಾಪಿ ಮಾಡಿ. ಮೂಲ ಫೈಲಿಂದೂ ಡಿಸ್ಕಿಂದ ಬಂದದ್ದರದೂ ಶಾ-256 ಹ್ಯಾಶ್ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕೋ ಉದ್ದನೆಯ ತಾಳೆ ಸಂಖ್ಯೆ) ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

[ದೃಶ್ಯ: ಎರಡು ಉದ್ದದ ಹ್ಯಾಶ್ ಸಾಲುಗಳು ಒಂದರ ಕೆಳಗೊಂದು. ಒಂದು ಅಕ್ಷರ ಮಾತ್ರ ಬೇರೆಯಲ್ಲ, ಇಡೀ ಸಾಲೇ ಬೇರೆ.]

ಒಂದು ಬಿಟ್ ವ್ಯತ್ಯಾಸ ಇದ್ದರೂ ಇಡೀ ಸಾಲು ಬದಲಾಗಿರುತ್ತೆ, ಕಣ್ಣಿಗೆ ತಟ್ಟನೆ ಕಾಣುತ್ತೆ. ಒಂದೇ ಒಂದು ಫೈಲ್ ಹೊಂದದಿದ್ದರೂ ಆ ಡಿಸ್ಕ್ ಪಕ್ಕಕ್ಕಿಟ್ಟು, ಎಂಟಿದ್ದ ವೇಗವನ್ನು ನಾಲ್ಕಕ್ಕೆ ಇಳಿಸಿ, ಅದೇ ಇಮೇಜ್‌ನಿಂದ ಹೊಸ ಡಿಸ್ಕ್ ಬರೀರಿ. ಅದು ತಾಳೆಯಾಗೋವರೆಗೂ ಹಾರ್ಡ್ ಡಿಸ್ಕ್‌ನಲ್ಲಿರೋ ಮೂಲ ಫೈಲ್‌ಗಳನ್ನು ಮುಟ್ಟಬೇಡಿ.